ವಾಡಿಯ ಕಾಕು ತರಿಸಿದ ಪಾರ್ಸೆಲ್

ಕಾಕುವಿನ ಫೋನು ರಿಂಗಾಗುತ್ತಿದ್ದುದು ಅವರ ಎದೆಯೊಳಗೆ. ಜಂಪರಿನ ಎಡಗಡೆ ಫೋನು, ಬಲಗಡೆ ಆಫೀಸಿನ ಬೀಗದ ಕೈ, ನಡುವೆ ಮಡಿಚಿಟ್ಟ ಕರವಸ್ತ್ರ. ಯಾರದೋ ಮನೆಯ ತೊಟ್ಟಿಲ ಕಾರ್ಯದಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತಿರುವಾಗ ಇದ್ದಕ್ಕಿದ್ದಂತೆ ಅವರ ಎದೆ ಹಾಡತೊಡಗುತ್ತಿತ್ತು. ಅವರು ಅವಸರ ಮಾಡುತ್ತಿರಲಿಲ್ಲ. ಸೆರಗಿನಡಿ ಕೈಹಾಕಿ ಫೋನು ತೆಗೆದು, ಗಾಡಿ ಎಲ್ಲಿಗೆ ಬಂತು ಎಂದು ಹಿಂದಿಯಲ್ಲಿ ವಿಚಾರಿಸಿ, ಉತ್ತರ ಸಿಕ್ಕಮೇಲೆ ಫೋನನ್ನು ಅದರ ಜಾಗಕ್ಕೆ ಸೇರಿಸಿ, ಮತ್ತೆ ಆರತಿ ತಟ್ಟೆಗೆ ಕೈಚಾಚುತ್ತಿದ್ದರು. ದಪ್ಪ ಮೈ, ಅಗಲ ಹೆಗಲು, ಮೊಣಕೈವರೆಗೆ ಬಿಸಿಲಿಗೆ ಕಪ್ಪಾದ ತೋಳು. ನಡೆಯುವಾಗ ಮೊದಲು ಅವರ ಎದೆ ಬರುತ್ತಿತ್ತು, ಆಮೇಲೆ ಅವರು.

ನಾಗಪುರದ ಪ್ರತಾಪ ನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವರ ಮನೆ. ನನ್ನ ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಸಿಕ್ಕು ಬೈಲಹೊಂಗಲದಿಂದ ಇಲ್ಲಿಗೆ ಬಂದವರು. ಕಾಕು ನಿಪ್ಪಾಣಿ ಕಡೆಯವರು. ನಮಗೂ ಅವರಿಗೂ ರಕ್ತಸಂಬಂಧವೇನೂ ಇರಲಿಲ್ಲ. ಓಣಿಯ ಮರಾಠಿ ಮಕ್ಕಳು ಅವರನ್ನು ಕಾಕು ಎನ್ನುತ್ತಿದ್ದರು, ನಮ್ಮ ಕಡೆಯಲ್ಲೂ ಚಿಕ್ಕಪ್ಪನ ಹೆಂಡತಿಗೆ ಕಾಕು ಎಂದೇ ಅನ್ನುವುದರಿಂದ ನನಗೆ ಬೇರೆ ಹೆಸರು ಹುಡುಕುವ ಕೆಲಸವೇ ಬೀಳಲಿಲ್ಲ. ಅವರ ಗಂಡ ನಾಗಪುರದ ಅಂಚಿನ ವಾಡಿಯಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸು ಇಟ್ಟಿದ್ದರು. ಅಮರಾವತಿ ರಸ್ತೆಯುದ್ದಕ್ಕೂ ಗೋದಾಮುಗಳು, ಸಾಲುಗಟ್ಟಿ ನಿಂತ ಲಾರಿಗಳು, ಅವುಗಳ ನಡುವೆ ತಗಡಿನ ಮಾಡಿನ ಎರಡು ಕೋಣೆ. ನಾನಿನ್ನೂ ಬಾಲವಾಡಿಗೆ ಹೋಗುತ್ತಿದ್ದಾಗ ಆತ ಹೃದಯಾಘಾತದಿಂದ ತೀರಿಕೊಂಡರು. ಶಾಲೆಗೆ ಹೋಗುವ ಇಬ್ಬರು ಗಂಡುಮಕ್ಕಳನ್ನು ಇಟ್ಟುಕೊಂಡು ಕಾಕು ಆ ಆಫೀಸಿನ ಕುರ್ಚಿಯಲ್ಲಿ ಕೂತರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಅರ್ಧದಷ್ಟು ಡ್ರೈವರುಗಳಿಗೆ ಅವರ ಪರಿಚಯವಿತ್ತು. ಅವರೊಂದಿಗೆ ಹಿಂದಿ, ಹಮಾಲರೊಂದಿಗೆ ಮರಾಠಿ, ನಮ್ಮೊಂದಿಗೆ ನಿಪ್ಪಾಣಿ ಕನ್ನಡ. ಮೂರರಲ್ಲೂ ದನಿ ಒಂದೇ ಎತ್ತರದಲ್ಲಿರುತ್ತಿತ್ತು.

ನಾನು ಓರಗೆಯ ಹುಡುಗಿಯರಿಗಿಂತ ಬೇಗ ಬೆಳೆದೆ. ಏಳನೆಯ ಇಯತ್ತೆಯಲ್ಲಿ ನನ್ನ ಎದೆ ನನ್ನ ಟೀಚರ ಎದೆಗಿಂತ ದೊಡ್ಡದಿತ್ತು. ಅವ್ವ ಒಂದರ ಮೇಲೊಂದು ಎರಡು ಶಮೀಜು ಹಾಕಿಸಿ, ಮೇಲೆ ಅಗಲವಾದ ಓಢಣಿ ಹೊದಿಸಿ ಕಳಿಸುತ್ತಿದ್ದಳು. ಅವಳಿಗೆ ಸಿಟ್ಟಿರಲಿಲ್ಲ, ಭಯವಿತ್ತು. ಓಣಿಯ ತುದಿಯಲ್ಲಿ ನಿಲ್ಲುವ ಹುಡುಗರ ಮಾತು ಅವಳ ಕಿವಿಗೂ ಬಿದ್ದಿತ್ತು. ನಾನು ಬ್ಯಾಡ್ಮಿಂಟನ್ ಬಿಟ್ಟೆ. ಪುಸ್ತಕದ ಚೀಲವನ್ನು ಬೆನ್ನಿನ ಬದಲು ಎದೆಗೆ ಅವಚಿಕೊಂಡು, ಹೆಗಲು ಒಳಗೆಳೆದುಕೊಂಡು ನಡೆಯುವುದು ರೂಢಿಯಾಯಿತು. ಗೇಟಿನ ಬಳಿ ಸ್ಕೂಟಿ ಹೊರತೆಗೆಯುತ್ತಿದ್ದ ಕಾಕು ನನ್ನನ್ನು ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು.

"ನೆಟ್ಟಗ ನಡಿಯವ್ವಾ. ಅದು ನಿನ್ನ ಮೈ, ಕದ್ದ ಮಾಲಲ್ಲ."

ಆಗ ನನಗೆ ಆ ಮಾತು ಕೇಳಿದರೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಅವರು ಬರುವುದು ಕಂಡರೆ ದಾರಿ ಬದಲಿಸುತ್ತಿದ್ದೆ.

ಮುಂದೆ ನಾನು ಓದು ಮುಗಿಸಿ ಇಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುವವನನ್ನೇ ಮದುವೆಯಾಗುವುದೆಂದು ಗಟ್ಟಿಯಾಯಿತು. ಅವನು ಕ್ರೈಸ್ತ, ಸಾವನೇರಿನವನು. ಅವನ ತಂದೆ ಅಲ್ಲಿಯ ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಮನೆಯಲ್ಲಿ ಒಪ್ಪುವುದಕ್ಕೆ ಒಂದು ವರ್ಷ ಹಿಡಿಯಿತು, ಒಪ್ಪಿದ ಮೇಲೆ ಯಾರೂ ಮುಖ ಗಂಟು ಹಾಕಲಿಲ್ಲ. ಬೆಳಿಗ್ಗೆ ನಮ್ಮ ಪದ್ಧತಿಯ ಅಕ್ಷತೆ, ಮಧ್ಯಾಹ್ನ ಚರ್ಚು, ಸಂಜೆ ಒಂದು ಲಾನಿನಲ್ಲಿ ಊಟ ಎಂದು ಮಾತಾಯಿತು. ಚರ್ಚಿಗೂ ಸಂಜೆಗೂ ಬಿಳಿಯ ಗೌನು. ಗೋವೆಯಲ್ಲಿರುವ ಅವನ ಅಕ್ಕ ಅದನ್ನು ತನ್ನ ಉಡುಗೊರೆಯೆಂದು ಹೊಲಿಸಿಕೊಡುವುದಾಗಿ ಹೇಳಿ ನಾಲ್ಕಾರು ಚಿತ್ರ ಕಳಿಸಿದಳು. ನಾನು ಆರಿಸಿದ್ದು ಹೆಗಲ ಮೇಲೆ ಏನೂ ಇಲ್ಲದ, ಎದೆಯಿಂದಲೇ ಶುರುವಾಗುವ ಗೌನನ್ನು. ಸ್ಟ್ರಾಪ್‌ಲೆಸ್ ಅನ್ನುತ್ತಾರಲ್ಲ, ಅದು. ಯಾಕೆ ಆರಿಸಿದೆನೋ ಆಗ ಗೊತ್ತಿರಲಿಲ್ಲ.

ಗೌನು ಬಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು, ಅದನ್ನು ಕೈಯಿಂದ ಎದೆಗೆ ಒತ್ತಿ ಹಿಡಿದು ಕನ್ನಡಿಯ ಮುಂದೆ ನಿಂತೆ. ನನಗೂ ಚೆಂದದ ಹೆಗಲುಗಳಿವೆ ಎಂದು ಅವತ್ತು ಕಂಡಿತು. ಕೈ ಬಿಟ್ಟೆ. ಗೌನು ಸರಿದು ಸೊಂಟಕ್ಕೆ ಬಂತು. ನನ್ನ ಬಳಿಯಿದ್ದ ಯಾವ ಬ್ರಾ ಹಾಕಿದರೂ ಪಟ್ಟಿಗಳು ಹೆಗಲ ಮೇಲೆ ಅಡ್ಡಡ್ಡ ಕಾಣುತ್ತಿದ್ದವು, ಪಟ್ಟಿ ಬಿಚ್ಚಿದರೆ ಎಲ್ಲವೂ ಕೆಳಗಿಳಿಯುತ್ತಿತ್ತು.

ಅವ್ವ ನೋಡಿದವಳೇ ತೋಳು ಇಡಿಸಬೇಕೆಂದಳು. ಬೈಲಹೊಂಗಲದಿಂದ ಮಂದಿ ಬರುತ್ತಾರೆ, ಅವರೆದುರು ಹೀಗೆ ಬರಿ ಹೆಗಲಲ್ಲಿ ನಿಲ್ಲುವುದು ಹೇಗೆ ಎಂದಳು. ಮನೆಯಲ್ಲಿ ಲಗ್ನದ ಬೇರೆಲ್ಲ ಮಾತು ನಡೆಯುತ್ತಿತ್ತು, ಗೌನಿನ ಮಾತು ಬಂದಾಗ ಮಾತ್ರ ಇಬ್ಬರಲ್ಲೊಬ್ಬರು ಎದ್ದು ಹೋಗುತ್ತಿದ್ದೆವು.

ಕಾಕುವಿಗೆ ಇದು ತಿಳಿದದ್ದು ಅಪ್ಪನಿಂದ. ಅಪ್ಪನಿಗೆ ವಿಷಯದ ಅರ್ಧ ಮಾತ್ರ ಗೊತ್ತಿತ್ತು, ಉಳಿದರ್ಧವನ್ನು ಕಾಕು ತಾವೇ ಊಹಿಸಿಕೊಂಡು ಮರುದಿನ ಸ್ಕೂಟಿ ತಂದು ನಿಲ್ಲಿಸಿ, ಹಿಂದೆ ಕೂಡು ಎಂದರು. ನಾವು ಬರ್ಡಿಗೆ ಹೋದೆವು. ಸೀತಾಬರ್ಡಿಯ ಆ ಬಜಾರಿನಲ್ಲಿ ಒಳಉಡುಪಿನ ಅಂಗಡಿಗಳ ಕಟ್ಟೆಯ ಮೇಲೆ ಕೂತವರೆಲ್ಲ ಗಂಡಸರು. ಮೊದಲ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಸೈಜಿನಲ್ಲಿ ಬರುವುದಿಲ್ಲ ಎಂದ. ಎರಡನೆಯವನು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗಳನ್ನು ತೋರಿಸಿ, ಇವು ಕಾಣುವುದೇ ಇಲ್ಲ ಎಂದು ಆಣೆ ಮಾಡಿದ. ಕಾಕು ಒಂದು ಪಟ್ಟಿಯನ್ನು ನನ್ನ ಹೆಗಲ ಮೇಲಿಟ್ಟು ದೂರ ನಿಂತು ನೋಡಿದರು.

"ಕಾಣ್ತೈತಿ. ಸಲಾಯಿನ್ ಹಚ್ಚಿದಂಗ ಕಾಣ್ತೈತಿ" ಎಂದರು.

ಮೂರನೆಯ ಕಡೆ ಮೈಗೆ ಅಂಟಿಸಿಕೊಳ್ಳುವ ಸಿಲಿಕಾನ್ ಬಟ್ಟಲುಗಳು ಸಿಕ್ಕವು. ಮನೆಗೆ ತಂದು ಅಂಟಿಸಿ ನೋಡಿದೆ. ಅಕ್ಟೋಬರ್ ಸೆಕೆ, ಕೂಲರನ್ನು ಆಗಲೇ ಕಿಟಕಿಯಿಂದ ಇಳಿಸಿಯಾಗಿತ್ತು. ಕೋಣೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಬೆವರಿಗೆ ಒಂದು ಬಟ್ಟಲು ಕಳಚಿ ನೆಲಕ್ಕೆ ಬಿತ್ತು. ಮೊದಲು ನಗು ಬಂತು. ಆಮೇಲೆ ಮಂಚದ ಅಂಚಿಗೆ ಕೂತು ಅತ್ತೆ.

ಕೊನೆಗೆ ಧರಮ್‌ಪೇಠೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಮಾಲು ತೋರಿಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ಮೃದುವಾಗಿ ಮಾತಾಡಿದಳು. ಈ ಮೈಕಟ್ಟಿನವರು ಸ್ಟ್ರಾಪ್‌ಲೆಸ್ ಹಾಕುವುದಿಲ್ಲ, ತೋಳು ಇಡಿಸಿಕೊಂಡರೆ ಗೌರವವಾಗಿ ಕಾಣುತ್ತದೆ ಎಂದಳು. ಕಾಕು ದನಿ ಏರಿಸಲಿಲ್ಲ. ನೀವು ತರಿಸುವುದಿಲ್ಲ, ಅದಕ್ಕೇ ಅವರು ಹಾಕುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈಹಿಡಿದು ಹೊರಗೆ ಬಂದರು.

ರಸ್ತೆ ಬದಿಯ ಗಾಡಿಯಲ್ಲಿ ತರ್ರಿ ಪೋಹೆ, ಖಾರದ ರಸ ಸುರಿದ ಅವಲಕ್ಕಿ, ತಿನ್ನುತ್ತ, ಇಲ್ಲಿಗೆ ಬಿಟ್ಟುಬಿಡೋಣ, ತೋಳು ಇಡಿಸುತ್ತೇನೆ ಎಂದೆ. ಅವರು ಚಮಚ ಕೆಳಗಿಟ್ಟರು.

"ಅವ್ವನ ಮಾತು ಬಿಡು, ಅಂಗಡಿಯವರ ಮಾತು ಬಿಡು. ನಿನಗ ಬೇಕೋ ಬ್ಯಾಡೋ?"

ಬೇಕು ಎಂದೆ. ನನ್ನ ಮೈಗೆ ಸಂಬಂಧಿಸಿದ ಯಾವುದನ್ನೂ ಅದಕ್ಕೆ ಮೊದಲು ನಾನು ಹಾಗೆ ಬಾಯಿಬಿಟ್ಟು ಕೇಳಿರಲಿಲ್ಲ.

"ಬೇಕಂದ್ರ ಬರತೈತಿ. ಎಲ್ಲಿಂದ ಬರತೈತಿ, ಅಷ್ಟ ನೋಡೂಣು" ಎಂದು ಅವರು ಪೋಹೆ ಮುಗಿಸಿದರು.

ಮರುದಿನ ವಾಡಿಯ ಆಫೀಸಿಗೆ ಬರಹೇಳಿದರು. ನಾನು ಹೋದಾಗ ಅವರು ತಿರುಪ್ಪೂರಿಗೆ ಫೋನು ಹಚ್ಚಿದ್ದರು. ಬನಿಯನ್ನು, ಒಳಉಡುಪುಗಳ ಆ ಊರಿನಿಂದ ವಾರವಾರವೂ ಅವರ ಲಾರಿಗಳಲ್ಲಿ ಮಾಲು ಬರುತ್ತಿತ್ತು. ಹೊರದೇಶಕ್ಕೆ ಹೆಂಗಸರ ಒಳಉಡುಪು ಕಳಿಸುವ ಒಂದು ಕಾರ್ಖಾನೆಯ ಮಾಲು ರವಾನೆ ಮಾಡುವವನು ಅವರಿಗೆ ಹಳೆಯ ಪರಿಚಯ. ಅವನ ಹಿಂದಿ ಅಷ್ಟಕ್ಕಷ್ಟೆ. ಹಾಗಾಗಿ ಕಾಕು ನನ್ನ ಅಳತೆಯನ್ನು ಬಿಡಿಸಿ ಬಿಡಿಸಿ, ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಬೇಕಾಯಿತು. ಬಾಗಿಲಾಚೆ ಬೆಂಚಿನ ಮೇಲೆ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ನೆಲ ಬಾಯಿಬಿಡಬಾರದೇ ಎನ್ನಿಸಿ ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವರು ಫೋನಿಗೆ ಅಂಗೈ ಮುಚ್ಚಿ ನನ್ನತ್ತ ನೋಡಿದರು.

"ನಂಬರ ಅಷ್ಟವ್ವಾ. ಚಪ್ಪಲಿಗೂ ನಂಬರ ಇರತೈತಿ" ಎಂದು ಹೇಳಿ ಮತ್ತೆ ಫೋನಿನತ್ತ ತಿರುಗಿದರು.

ದೀಪಾವಳಿ ಮುಗಿದ ಮೇಲೆ ಪಾರ್ಸೆಲ್ ಬಂತು. ತಂದವರು ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯ ಡ್ರೈವರು. ನಾಜೂಕು ಸಾಮಾನು, ಮೇಲೆ ಏನೂ ಹೇರಬೇಡ ಎಂದು ಕಾಕು ಹೇಳಿದ್ದರಂತೆ. ಆತ ಅದನ್ನು ಹಿಂದಿನ ಮಾಲಿನ ಜೊತೆ ಹಾಕದೆ ಮುಂದೆ ತಮ್ಮ ಕ್ಯಾಬಿನಿನಲ್ಲಿ, ದೇವರ ಫೋಟೋದ ಪಕ್ಕ ಇಟ್ಟುಕೊಂಡು ತಂದಿದ್ದರು. ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟರು. ಒಳಗೇನಿದೆ ಎಂದು ಕೇಳಲಿಲ್ಲ.

ಒಳಕೋಣೆಯಲ್ಲಿ ತೂಕದ ಯಂತ್ರ, ಗೋಣಿಪಾಟಿನಲ್ಲಿ ಹೊಲಿದ ಗಂಟುಗಳು. ಕಾಕು ಬಾಗಿಲಿಗೆ ಅಗಳಿ ಹಾಕಿದರು. ಪಾರ್ಸೆಲ್ಲಿನಲ್ಲಿ ಮೂರು ಅಳತೆಯವು ಇದ್ದವು. ನಾನು ಅಂಥದ್ದನ್ನು ನೋಡಿರಲೇ ಇಲ್ಲ. ಎದೆಯಿಂದ ಸೊಂಟದವರೆಗೆ ಬರುವ ಒಳಕವಚ, ಪಕ್ಕೆಗಳಲ್ಲಿ ಬಟ್ಟೆಯೊಳಗೆ ಸೇರಿಸಿದ ತೆಳು ಕಡ್ಡಿಗಳು, ಬೆನ್ನುದ್ದಕ್ಕೂ ಕೊಂಡಿಗಳ ಸಾಲು. ಮೊದಲನೆಯದು ಉಸಿರು ಕಟ್ಟಿಸಿತು. ಎರಡನೆಯದರ ಕೊಂಡಿಗಳನ್ನು ಕಾಕು ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಹೋದರು. ಹಾಕುತ್ತಲೇ, ಇಷ್ಟು ವರ್ಷ ನೀನು ಭಾರವನ್ನೆಲ್ಲ ಹೆಗಲಿಗೆ ತೂಗುಹಾಕಿಕೊಂಡು ನಡೆದೆ ಎಂದರು. ಗಾಡಿಯಲ್ಲಿ ಮಾಲು ಕೆಳಗೆ ಸರಿಯಾಗಿ ಕೂತಿರಬೇಕು, ಹಗ್ಗ ಇರುವುದು ಅಲುಗಾಡದಿರಲಿ ಎಂದಷ್ಟೆ ಎಂದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮೇಲೆತ್ತು ಎಂದರು. ಎತ್ತಿದೆ. ಬಗ್ಗಿ ಏನಾದರೂ ಎತ್ತಿಕೋ ಎಂದರು. ಬಗ್ಗಿ ಒಂದು ಗಂಟನ್ನು ಮುಟ್ಟಿ ಎದ್ದೆ. ಕುಣಿ ಎಂದರು. ಗೋದಾಮಿನ ಆ ಕೋಣೆಯಲ್ಲಿ, ಮೊಣಕಾಲವರೆಗಿನ ಲಂಗದಲ್ಲಿ, ನಾನು ಕುಣಿದೆ. ಒಂದು ಬೆರಳಿನಷ್ಟೂ ಸರಿಯಲಿಲ್ಲ. ಇಬ್ಬರೂ ಬಾಯಿಗೆ ಸೆರಗು, ಓಢಣಿ ಒತ್ತಿಕೊಂಡು ನಕ್ಕೆವು, ಹೊರಗೆ ಡ್ರೈವರುಗಳಿದ್ದರಲ್ಲ.

ಆದರೂ ಕೆಲಸ ಪೂರ್ತಿಯಾಗಲಿಲ್ಲ. ಮನೆಯಲ್ಲಿ ಗೌನು ಹಾಕಿ ನೋಡಿದರೆ, ಒಳಗಿನದು ನಿಂತಲ್ಲೇ ನಿಂತಿತು, ಅದರ ಮೇಲೆ ಗೌನಿನ ನುಣುಪು ಬಟ್ಟೆ ಜಾರತೊಡಗಿತು. ಎರಡನ್ನೂ ಸೇರಿಸಿ ಹೊಲಿಯಬೇಕಿತ್ತು, ಹೊಲಿಗೆ ಮೇಲೆ ಕಾಣಬಾರದು. ಓಣಿಯಲ್ಲಿ ಅಂಥ ಕೈ ಇದ್ದದ್ದು ಒಬ್ಬರದೇ. ಅವ್ವನದು.

ಕಾಕು ಸಂಜೆ ನಮ್ಮ ಮನೆಗೆ ಬಂದರು. ಅವ್ವ ಅಡಿಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಕಾಕು ಎದುರಿಗೆ ಕೂತು, ತಾವೂ ಒಂದು ಹಿಡಿ ಸೊಪ್ಪು ಎಳೆದುಕೊಂಡು, ವಿಷಯ ಹೇಳಿದರು. ಅವ್ವ ತಲೆ ಎತ್ತದೆ, ಬರಿ ಹೆಗಲಿನ ಅರಿವೆಗೆ ತಾನು ಸೂಜಿ ಹಿಡಿಯುವುದಿಲ್ಲ ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಕು ಬಹಳ ಹೊತ್ತು ಸೊಪ್ಪು ಬಿಡಿಸಿದರು.

"ಅಕ್ಕಾ, ನಮ್ಮವರು ಹೋದಮ್ಯಾಲ ನಾ ಮೊದಲನೇ ಸಲ ವಾಡಿಗೆ ಹೊಂಟ ದಿನ ನಿಮಗ ನೆನಪೈತೇನು? ಎರಡೂ ಹೆಗಲ ಮ್ಯಾಲ ಸೆರಗ ಹೊದ್ದು, ಮಾರಿ ಕಾಣದಂಗ ಹೊಂಟಿದ್ನಿ. ನಮ್ಮ ನೆಗೆಣ್ಣಿ ಹಂಗ ಹೋಗು ಅಂದಿದ್ಲು. ಗೇಟಿನ ಹತ್ರ ನಿಂದರಿಸಿ, ಆ ಸೆರಗ ತಗದು, ಸರಿಯಾಗಿ ಮಡಚಿ ಪಿನ್ನ ಹಾಕಿದವರು ನೀವ. ಮಾರಿ ಮುಚ್ಚಿಕೊಂಡು ಕುಂತ್ರ ನಿನ್ನ ಮಾತ ಯಾವ ಡ್ರೈವರ ಕೇಳ್ತಾನ ಅಂದ್ರಿ."

ನನಗೆ ಇದು ಗೊತ್ತಿರಲಿಲ್ಲ. ಅವ್ವ ಒಮ್ಮೆಯೂ ಹೇಳಿರಲಿಲ್ಲ. ಅವಳ ಕೈ ಸೊಪ್ಪಿನ ಮೇಲೆ ನಿಂತಿತ್ತು.

"ಅದು ಹೊಟ್ಟಿಪಾಡಿನ ಮಾತ ಇತ್ತು" ಎಂದಳು.

"ಹೊಟ್ಟಿ ಸಲುವಾಗಿ ಅಷ್ಟ ನೆಟ್ಟಗ ನಿಂದರಬೇಕೇನ್ರಿ? ಸಾಲಿ ಕಲಿಯೂವಾಗಿಂದ ಬಗ್ಗಿ ನಡದಾಳ ಈ ಹುಡುಗಿ. ತನ್ನ ಲಗ್ನದ ದಿನಾನರ ನೆಟ್ಟಗ ನಿಂದರಲಿ ಬಿಡ್ರಿ."

ಅವ್ವ ಉಳಿದ ಸೊಪ್ಪನ್ನೆಲ್ಲ ಸೋಸಿ ಮುಗಿಸಿದಳು, ಕಡ್ಡಿಗಳನ್ನು ಕಾಗದದಲ್ಲಿ ಕಟ್ಟಿ ಎಸೆದಳು, ಕೈತೊಳೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, ಗೌನು ತಗೊಂಡು ಬಾ, ಬೆಳಕಿರುವಾಗಲೇ ನೋಡುತ್ತೇನೆ ಎಂದಳು.

ಮುಂದಿನ ಕೆಲವು ದಿನ ಅವಳು ಬೇರೆ ಕೆಲಸವೇ ಹಚ್ಚಿಕೊಳ್ಳಲಿಲ್ಲ. ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನು ಹಿಡಿದು, ಗೌನಿನ ಅಂಚನ್ನು ಒಳಗಿನದಕ್ಕೆ ಕೂಡಿಸುತ್ತ ಬಂದಳು. ಮಿಶಿನ್ನಿನ ಹೊಲಿಗೆ ಕಾಣುತ್ತದೆಂದು ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಅವಳ ಬೆರಳುಗಳು ನನ್ನ ಬೆನ್ನಿಗೆ, ಪಕ್ಕೆಗೆ ತಾಗುತ್ತಿದ್ದವು. ಸಣ್ಣವಳಿದ್ದಾಗ ಎಣ್ಣೆ ಹಚ್ಚಿ ಎರೆದದ್ದು ಬಿಟ್ಟರೆ ಅವಳು ನನ್ನ ಮೈಯನ್ನು ಹಾಗೆ ಮುಟ್ಟಿರಲಿಲ್ಲ. ಒಂದು ದಿನ ನೂಲು ಕಡಿಯುತ್ತ, ನಿನಗೆ ಆಗ ಬಹಳ ಕಷ್ಟ ಆಗಿರಬೇಕು ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ.

ಮದುವೆ ಡಿಸೆಂಬರಿನಲ್ಲಿ ಆಯಿತು. ಚರ್ಚಿನಲ್ಲಿ ಹೆಗಲು ಮುಚ್ಚಿರಬೇಕೆಂದು ಪಾದ್ರಿಗಳು ಮೊದಲೇ ಹೇಳಿದ್ದರಿಂದ ಗೌನಿನ ಮೇಲೆ ಲೇಸಿನ ಸಣ್ಣ ಜಾಕೀಟು ಹಾಕಿಕೊಂಡಿದ್ದೆ. ಸಂಜೆ ಲಾನಿಗೆ ಬಂದಮೇಲೆ ಅದರ ಗುಂಡಿಗಳನ್ನು ಹಿಂದಿನಿಂದ ಬಿಚ್ಚಿದ್ದು ಅವ್ವನೇ. ವೇದಿಕೆಗೆ ನಡೆದು ಹೋಗುವಾಗ ಕೈ ತಾನಾಗಿಯೇ ಎದೆಯ ಕಡೆ ಹೋಯಿತು, ಹಿಡಿದುಕೊಳ್ಳಬೇಕಾದದ್ದು ಏನೂ ಇಲ್ಲವೆಂದು ತಿಳಿದು ಕೆಳಗಿಳಿಯಿತು. ಬೈಲಹೊಂಗಲದ ದೊಡ್ಡವ್ವ ಅವ್ವನ ಪಕ್ಕ ಬಂದು, ಇದೇನಿದು, ಹೆಗಲ ಮೇಲೆ ಏನೂ ಇಲ್ಲವಲ್ಲ ಎಂದದ್ದು ನನಗೂ ಕೇಳಿಸಿತು.

"ನಾನ ಹೊಲದೇನಿ" ಎಂದಳು ಅವ್ವ.

ಮದುವೆಯಾದ ಕೆಲವು ವರ್ಷಗಳಿಗೆ ಕಾಕುವಿನ ಎರಡೂ ಕಿಡ್ನಿ ಕೆಟ್ಟವು. ಮಕ್ಕಳು ಆಫೀಸು ನೋಡಿಕೊಳ್ಳತೊಡಗಿದರು. ವಾರಕ್ಕೆರಡು ಸಲ ಡಯಾಲಿಸಿಸ್. ನನಗೆ ರಜೆಯಿರುವ ದಿನ ನಾನು ಜೊತೆಗೆ ಹೋಗುತ್ತಿದ್ದೆ. ಮೈ ಇಳಿದುಹೋಗಿತ್ತು, ಜಂಪರು ಸಡಿಲಾಗಿ ಫೋನು ನಿಲ್ಲದೆ ದಿಂಬಿನಡಿ ಇರುತ್ತಿತ್ತು. ಆ ಸ್ಥಿತಿಯಲ್ಲೂ ನರ್ಸುಗಳೊಂದಿಗೆ ಮರಾಠಿಯಲ್ಲಿ ಅವರವರ ಊರು ಕೇರಿ ವಿಚಾರಿಸುತ್ತಿದ್ದರು. ಒಂದು ಮಧ್ಯಾಹ್ನ, ಯಂತ್ರದ ಪಕ್ಕ ಕೂತು, ಒಂದು ಸಂಜೆಯ ಗೌನಿನ ಸಲುವಾಗಿ ಅಷ್ಟು ಯಾಕೆ ಓಡಾಡಿದಿರಿ ಎಂದು ಕೇಳಿದೆ. ಅವರಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ನನ್ನ ಲಗ್ನದಾಗ ನಾ ತಲಿ ಎತ್ತಿಲ್ಲವ್ವಾ. ಎತ್ತಬಾರದು ಅಂದಿದ್ರು. ಯಾರ್ಯಾರು ಬಂದಿದ್ರು, ನನಗ ಗೊತ್ತಿಲ್ಲ. ಬರೇ ಪಾದ ನೋಡೇನಿ. ನಮ್ಮಪ್ಪ ಒಂದ ಕಡೆ ನಿಂತು ಅಳತಿದ್ದನಂತ. ಆಮ್ಯಾಲ ಯಾರೋ ಹೇಳಿದ್ರು. ನಾ ನೋಡಲಿಲ್ಲ."

ಕಣ್ಣು ತೆರೆದು ನನ್ನತ್ತ ತಿರುಗಿದರು.

"ನೀನರ ಎಲ್ಲಾರ ಮಾರಿ ನೋಡಲಿ ಅಂತ."

ಆ ಚಳಿಗಾಲ ಶುರುವಾಗುವ ಹೊತ್ತಿಗೆ ಅವರು ಹೋದರು. ಮಣ್ಣಿಗೆ ವಾಡಿಯಿಂದ ಬಂದ ಗಂಡಸರು ಅಂಗಳದಲ್ಲಿ ಹಿಡಿಸಲಿಲ್ಲ, ಓಣಿಯುದ್ದಕ್ಕೂ ನಿಂತಿದ್ದರು. ಅವ್ವ ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು, ಮನೆಗೆ ಬಂದಮೇಲೂ ಬಹಳ ಹೊತ್ತು ಬಿಡಲಿಲ್ಲ.

ನನ್ನ ಮದುವೆಯ ಫೋಟೋಗಳನ್ನು ನಾನು ಹೆಚ್ಚು ತೆಗೆದು ನೋಡುವುದಿಲ್ಲ. ಅದರ ಅಗತ್ಯ ಬಿದ್ದಿಲ್ಲ. ವೇದಿಕೆಯ ಮೇಲೆ ನಿಂತು ಕಂಡದ್ದೆಲ್ಲ ನೆನಪಿದೆ. ಅಪ್ಪ ಊಟದ ಪಂಗತಿಯ ಹತ್ತಿರ ನಿಂತು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದದ್ದು, ಮತ್ತೆ ಹಾಕಿಕೊಂಡು ನನ್ನತ್ತ ನೋಡಿ ಮತ್ತೆ ತೆಗೆದದ್ದು. ನನ್ನ ಅತ್ತೆ ಸಾವನೇರಿನಿಂದ ಬಂದವರಿಗೆಲ್ಲ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದದ್ದು. ಪಾರ್ಸೆಲ್ ತಂದ ಆ ಹಿರಿಯರು ತಲೆಗೆ ನೀರು ಹಚ್ಚಿ ಬಾಚಿಕೊಂಡು, ಕಟ್ಟಕಡೆಯ ಸಾಲಿನಲ್ಲಿ ಸಂಕೋಚದಿಂದ ಕೂತಿದ್ದದ್ದು. ಅವ್ವ. ಅವ್ವನ ಪಕ್ಕ ಕಾಕು, ಹಸಿರು ಇಳಕಲ್ ಸೀರೆಯಲ್ಲಿ, ಬಾಯಿತುಂಬ ಜಿಲೇಬಿ, ನಗಲಿಕ್ಕೂ ಆಗದೆ ನುಂಗಲಿಕ್ಕೂ ಆಗದೆ ನನ್ನನ್ನೇ ನೋಡುತ್ತಿದ್ದರು.